ಅಲ್ಪದೋಷ ವಿಚಾರ: ಲಿನಕ್ಸ್ ಸ್ಥಿರಾವೃತ್ತಿಗಳಲ್ಲಿ ತಿದ್ದುಪಡಿಯ ಇತಿಹಾಸ

(೧)

ಅಚ್ಚಾದ ಗ್ರಂಥದಲ್ಲಿ ತಪ್ಪು ಕಂಡುಬಂದರೆ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಸೇರಿಸುವುದು, ಮುಂದಿನ ಮುದ್ರಣದಲ್ಲಿ ಅದನ್ನು ತಿದ್ದಿಕೊಳ್ಳುವುದು ಗ್ರಂಥಪ್ರಕಾಶನದಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಮೊದಲನೆಯ ಮುದ್ರಣದ ಪ್ರತಿಯನ್ನು ಕೊಂಡವರ ಮನೆಗೆ ಹೋಗಿ, ಅವರ ಕೈಯಲ್ಲಿರುವ ಪುಸ್ತಕದಲ್ಲಿಯೇ ಆ ಅಕ್ಷರವನ್ನು ತಿದ್ದಿಕೊಟ್ಟು ಬರುವುದು ಯಾವ ಪ್ರಕಾಶಕರಿಗೂ ಸಾಧ್ಯವಾದ ಮಾತಲ್ಲ. ಗಣಕಯಂತ್ರಗಳನ್ನು ನಡೆಸುವ ತಂತ್ರಾಂಶದ ಲೋಕದಲ್ಲಾದರೋ ಇದು ದಿನನಿತ್ಯದ ಕೆಲಸವಾಗಿರುವುದು. ಹೊಸ ಆವೃತ್ತಿಯನ್ನು ಸಿದ್ಧಪಡಿಸುತ್ತಿರುವಾಗ ಕಂಡುಬಂದ ದೋಷವು ಹಳೆಯ ಆವೃತ್ತಿಯಲ್ಲಿಯೂ ಇದ್ದರೆ, ಹೊಸದರಲ್ಲಿ ಮಾಡಿದ ತಿದ್ದುಪಡಿಯನ್ನು ಹಿಂದಕ್ಕೆ ಒಯ್ದು ಹಳೆಯದಕ್ಕೂ ಕೂಡಿಸಿ, ಅದನ್ನು ಬಳಸುತ್ತಿರುವವರಿಗೆಲ್ಲ ಮುಟ್ಟಿಸುವರು. ಈ ಕಾರ್ಯಕ್ಕೆ ‘ಬ್ಯಾಕ್‌ಪೋರ್ಟ್’ ಎಂದು ಆ ಕಸುಬಿನವರು ಹೆಸರಿಟ್ಟಿರುವರು. ಹೀಗೆ ಒಯ್ಯುವ ತಿದ್ದುಪಡಿಯನ್ನು ‘ಪ್ಯಾಚ್’, ಎಂದರೆ ತೇಪೆ, ಎಂದು ಕರೆಯುವರು.

ದೊಡ್ಡ ದೋಷಗಳ ವಿಷಯದಲ್ಲಿ ವಿವಾದವಿಲ್ಲ. ಯಂತ್ರವನ್ನು ನಿಲ್ಲಿಸಿಬಿಡುವ, ಬರೆದಿಟ್ಟುದನ್ನು ಕೆಡಿಸುವ, ಕಳ್ಳನಿಗೆ ಬಾಗಿಲು ತೆರೆಯುವ ದೋಷವನ್ನು ಹಳೆಯ ಆವೃತ್ತಿಯಲ್ಲಿಯೂ ತಿದ್ದಬೇಕೆಂಬುದನ್ನು ಎಲ್ಲರೂ ಒಪ್ಪುವರು. ತೊಡಕೆಲ್ಲ ಇರುವುದು ಅಲ್ಪದೋಷಗಳಲ್ಲಿ. ಎಲ್ಲಿಯೋ ಒಬ್ಬರಿಗೆ ಎಂದೋ ಒಮ್ಮೆ ತೊಂದರೆ ಕೊಡಬಹುದಾದ, ಇಲ್ಲವೆ ಇದುವರೆಗೆ ಯಾರಿಗೂ ತೊಂದರೆಯನ್ನೇ ಕೊಟ್ಟಿರದ ದೋಷವೊಂದನ್ನು ತಿದ್ದಹೋಗಿ, ನೆಟ್ಟಗೆ ನಡೆಯುತ್ತಿರುವ ಯಂತ್ರವನ್ನು ಅಲುಗಿಸಬಹುದೇ? ‘ಸ್ಥಿರ’ವೆಂಬ ಹೆಸರನ್ನು ಹೊತ್ತ ಆವೃತ್ತಿಗೆ ಅಂತಹ ತೇಪೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ? ಲಿನಕ್ಸ್ ತಂತ್ರಾಂಶದ ಕರ್ತೃಗಳು ಈ ಪ್ರಶ್ನೆಗೆ ೨೦೦೫ರಿಂದ ಈಚೆಗೆ ಕೊಟ್ಟಿರುವ ಉತ್ತರಗಳು ಒಂದೇ ಬಗೆಯಾಗಿಲ್ಲ. ತೇಪೆಯ ಗಾತ್ರ, ಜನರಿಗೆ ಆಗುತ್ತಿರುವ ತೊಂದರೆ ಇವುಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಹೊರಟವರು ಕಡೆಕಡೆಗೆ ಆ ಅಳತೆಗೋಲನ್ನೇ ಶಂಕಿಸುವಂತಾಯಿತು. ದೋಷವು ಅಲ್ಪವೋ ಅನಲ್ಪವೋ ಎಂಬುದು ಅದನ್ನು ತಿದ್ದುವ ಹೊತ್ತಿನಲ್ಲಿ ತಿಳಿಯುವ ಸಂಗತಿಯಲ್ಲವೆಂಬುದಕ್ಕೆ ಈ ಇತಿಹಾಸದಲ್ಲಿ ದೊರೆಯುವಷ್ಟು ಸ್ಪಷ್ಟವಾದ ದೃಷ್ಟಾಂತಗಳು ಬೇರೆಡೆಯಲ್ಲಿ ವಿರಳ.

(೨)

ಲಿನಕ್ಸ್ ಎಂಬುದು ವಾಸ್ತವವಾಗಿ ಒಂದು ‘ಕರ್ನೆಲ್’. ಎಂದರೆ ಗಣಕದ ಯಂತ್ರಭಾಗಗಳಿಗೂ ಅದರ ಮೇಲೆ ನಡೆಯುವ ಇತರ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ಹೊಂದಿಸಿಕೊಂಡು ಹೋಗುವ ತಿರುಳು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅವರು ೧೯೯೧ರಲ್ಲಿ ಇದನ್ನು ಆರಂಭಿಸಿದರು. ೧೯೯೪ರ ಮಾರ್ಚ್ ತಿಂಗಳಲ್ಲಿ ೧.೦ ಎಂಬ ಅಂಕಿತದ ಆವೃತ್ತಿ ಹೊರಬಂದಿತು. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷಗಳ ಕಾಲ ಒಂದು ಸರಳವಾದ ಏರ್ಪಾಡು ನಡೆದುಬಂದಿತು. ಎರಡನೆಯ ಅಂಕಿ ಸಮಸಂಖ್ಯೆಯಾಗಿದ್ದರೆ ಅದು ಜನರ ಬಳಕೆಗೆ ಯೋಗ್ಯವಾದ ಸ್ಥಿರಾವೃತ್ತಿ. ಬೆಸಸಂಖ್ಯೆಯಾಗಿದ್ದರೆ ಕರ್ತೃಗಳು ತಮ್ಮ ಪ್ರಯೋಗಗಳನ್ನು ನಡೆಸುವ ಆವೃತ್ತಿ. ೨.೨, ೨.೪ ಸ್ಥಿರವಾದುವು, ೨.೩, ೨.೫ ಪ್ರಯೋಗಕ್ಕೆ ಮೀಸಲು. ಅಂಕಿಯನ್ನು ನೋಡಿದೊಡನೆಯೇ ಗುಣವು ತಿಳಿಯುತ್ತಿದ್ದಿತು.

ಏರ್ಪಾಡು ಸರಳವಾಗಿದ್ದರೂ ಅದರ ಫಲ ಸರಳವಾಗಲಿಲ್ಲ. ೨.೪ ಹೊರಬಂದುದು ೨೦೦೧ರ ಜನವರಿಯಲ್ಲಿ, ೨.೬ ಬಂದುದು ೨೦೦೩ರ ಡಿಸೆಂಬರಿನಲ್ಲಿ. ನಡುವಣ ಸುಮಾರು ಮೂರು ವರ್ಷಗಳಲ್ಲಿ ಹೊಸದೆಲ್ಲವೂ ೨.೫ರಲ್ಲಿಯೇ ಕುಳಿತಿದ್ದಿತು. ಲಿನಕ್ಸನ್ನು ಸಿದ್ಧಪಡಿಸಿ ಜನರಿಗೆ ಒದಗಿಸುತ್ತಿದ್ದ ವಿತರಕರಿಗೆ ಅಷ್ಟು ಕಾಲ ಕಾಯುವ ತಾಳ್ಮೆ ಇರಲಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ಕೊಂಡವರು ಕೇಳುತ್ತಿದ್ದರು. ಆದುದರಿಂದ ಅವರು ೨.೫ರಿಂದ ತಮಗೆ ಬೇಕಾದುದನ್ನು ಎತ್ತಿ ತಂತಮ್ಮ ೨.೪ಕ್ಕೆ ಹೊಲಿದುಕೊಂಡರು. ೨೦೦೩ರಲ್ಲಿ ಹೊರಬಂದ ರೆಡ್ ಹ್ಯಾಟ್ ಲಿನಕ್ಸ್ ೯ ಇದಕ್ಕೆ ಪ್ರಸಿದ್ಧವಾದ ನಿದರ್ಶನ: ಅದರ ತಿರುಳಿನ ಅಂಕಿತವು ೨.೪.೨೦ ಎಂದಿದ್ದರೂ, ಒಂದೇ ಕಾರ್ಯದೊಳಗೆ ಹಲವು ಎಳೆಗಳನ್ನು ಏಕಕಾಲದಲ್ಲಿ ನಡೆಸುವ ಹೊಸ ವ್ಯವಸ್ಥೆಗೆ ಬೇಕಾದ ಭಾಗಗಳು ೨.೫ರಿಂದ ಬಂದುವಾಗಿದ್ದುವು. ಹೀಗೆ ೨.೪ ಎಂಬ ಒಂದೇ ಹೆಸರಿನಲ್ಲಿ ವಿತರಕರಿಗೊಂದರಂತೆ ಬೇರೆಬೇರೆ ೨.೪ಗಳು ಹುಟ್ಟಿಕೊಂಡುವು. ಒಂದೇ ಕಾವ್ಯದ ಓಲೆಪ್ರತಿಗಳು ಊರಿಗೊಂದು ಪಾಠವನ್ನು ತಾಳಿದುದನ್ನು ಕಂಡವರಿಗೆ ಇದರ ಕಷ್ಟವನ್ನು ವಿವರಿಸಬೇಕಾದುದಿಲ್ಲ. ಒಬ್ಬರ ಪ್ರತಿಯಲ್ಲಿ ಕಂಡ ದೋಷವು ಮೂಲದ್ದೋ ಲಿಪಿಕಾರನದ್ದೋ ಎಂಬುದನ್ನು ನಿರ್ಣಯಿಸುವುದೇ ಒಂದು ಪಾಡಾಯಿತು.

೨೦೦೪ರ ಜುಲೈ ತಿಂಗಳಲ್ಲಿ ಕೆನಡಾ ದೇಶದ ಆಟವಾ ನಗರದಲ್ಲಿ ಕರ್ತೃಗಳ ಸಮಾವೇಶ ನಡೆದಾಗ ಈ ಪದ್ಧತಿಯನ್ನು ಕೈಬಿಟ್ಟರು. ೨.೭ ಎಂಬುದನ್ನು ತೆರೆಯದೆ, ಹೊಸ ಕೆಲಸವನ್ನೆಲ್ಲ ೨.೬ರ ಒಳಗೇ ನಡೆಸುತ್ತ, ಕೆಲವು ತಿಂಗಳಿಗೊಮ್ಮೆ ೨.೬.೮, ೨.೬.೯ ಎಂದು ಹೊರತರುತ್ತ ಹೋಗುವುದೆಂದು ತೀರ್ಮಾನವಾಯಿತು. ಇದರಿಂದ ಹೊಸದು ಬೇಗ ಬಂದಿತು. ಸ್ಥಿರವೆಂದು ನಂಬಿ ನಿಲ್ಲಬಹುದಾದ ನೆಲ ಮಾತ್ರ ಕಾಲ ಕೆಳಗಿನಿಂದ ಜಾರಿತು. ೨.೬.೧೧ ಹೊರಬಂದ ೨೦೦೫ರ ಮಾರ್ಚ್ ತಿಂಗಳಲ್ಲಿ ಈ ಅಸಮಾಧಾನವು ಕರ್ತೃಗಳ ಪತ್ರವ್ಯವಹಾರದಲ್ಲಿ ದೊಡ್ಡ ಚರ್ಚೆಯಾಗಿ ಪರಿಣಮಿಸಿತು. ಹೊರಬಂದ ಪ್ರತಿಯೊಂದು ಆವೃತ್ತಿಗೂ ಕೇವಲ ಅತ್ಯವಶ್ಯವಾದ ತೇಪೆಗಳನ್ನು ಕೂಡಿಸುತ್ತ, ನಾಲ್ಕನೆಯ ಅಂಕಿಯೊಂದನ್ನು ಹಚ್ಚಿ ಹೊರಡಿಸಬಹುದೆಂಬ ಸಲಹೆ ಬಂದಿತು. ಈ ಕೆಲಸಕ್ಕೆ ಸಿಕ್ಕಿಬೀಳುವವರು ಕೆಲವು ವಾರಗಳಲ್ಲಿಯೇ ತಲೆಕೆಟ್ಟು ಓಡಿಹೋಗುವರೆಂದು ಟೋರ್ವಾಲ್ಡ್ಸ್ ಅವರು ಹಾಸ್ಯ ಮಾಡಿದುದುಂಟು. ಗ್ರೆಗ್ ಕ್ರೋವ-ಹಾರ್ಟ್‌ಮನ್, ಕ್ರಿಸ್ ರೈಟ್ ಎಂಬ ಇಬ್ಬರು ಮುಂದೆ ಬಂದರು. ೨.೬.೧೧.೧ ಅದೇ ಮಾರ್ಚ್ ತಿಂಗಳಲ್ಲಿಯೇ ಹೊರಟಿತು. ಮೊದಲನೆಯವರು ಅಲ್ಲಿಂದ ಇಪ್ಪತ್ತು ವರ್ಷಗಳೇ ಕಳೆದರೂ ಓಡಿಹೋಗಲಿಲ್ಲ.

(೩)

ಆ ಸಂದರ್ಭದಲ್ಲಿ ಬರೆದಿಟ್ಟ ನಿಯಮಾವಳಿಯು ಒಂದು ಪುಟಕ್ಕಿಂತ ಹೆಚ್ಚಿನದಲ್ಲ. ಆದರೂ ಅಲ್ಪದೋಷದ ವಿಚಾರದಲ್ಲಿ ಅಷ್ಟು ನಿರ್ದಿಷ್ಟವಾದ ಬರವಣಿಗೆ ತತ್ಪೂರ್ವದಲ್ಲಿ ಈ ಕರ್ತೃವರ್ಗದಲ್ಲಿ ಇರಲಿಲ್ಲ. ಆದಕಾರಣ ಅದರ ಅಂಶಗಳನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದಾಗಿದೆ. ತೇಪೆಯು ಮೇಲುನೋಟಕ್ಕೇ ಸರಿಯೆಂದು ಕಾಣುವಂತಿರಬೇಕು, ಮತ್ತು ಪರೀಕ್ಷಿತವಾಗಿರಬೇಕು. ಅಕ್ಕಪಕ್ಕದ ಸಾಲುಗಳನ್ನೂ ಸೇರಿಸಿಕೊಂಡು ೧೦೦ ಸಾಲುಗಳನ್ನು ಮೀರಬಾರದು. ಒಂದು ತೇಪೆ ಒಂದೇ ದೋಷವನ್ನು ತಿದ್ದಬೇಕು. ತಿದ್ದುವ ದೋಷವು ಜನರನ್ನು ನಿಜವಾಗಿ ಕಾಡುತ್ತಿರುವ ದೋಷವಾಗಿರಬೇಕೇ ಹೊರತು, ಮುಂದೆಂದಾದರೂ ತೊಂದರೆಯಾದೀತು ಎಂಬ ಊಹೆಯಾಗಿರಕೂಡದು. ಯಂತ್ರ ಸ್ತಬ್ಧವಾಗುವುದು, ದತ್ತಾಂಶ ಕೆಡುವುದು, ಭದ್ರತೆಗೆ ಭಂಗ ಬರುವುದು, ತಿರುಳೇ ಕಟ್ಟಿಬಾರದೆ ಹೋಗುವುದು ಇಂತಹವು ಮಾತ್ರ ಯೋಗ್ಯ. ಕಾಗುಣಿತದ ತಿದ್ದುಪಾಟು, ಸಾಲುಗಳ ನಡುವಣ ಬಿಡುವನ್ನು ಅಚ್ಚುಕಟ್ಟು ಮಾಡುವುದು ಮುಂತಾದ ಕ್ಷುಲ್ಲಕಗಳಿಗೆ ಪ್ರವೇಶವೇ ಇಲ್ಲ.

ಇವುಗಳ ಜೊತೆಗೆ ಮತ್ತೊಂದು ನಿಷೇಧವಿದ್ದಿತು. ಮುಂದಿನ ಕಥೆಗೆ ಅದೇ ಮುಖ್ಯ. ಎರಡು ಕಾರ್ಯಗಳು ಒಂದೇ ವಸ್ತುವಿಗೆ ಏಕಕಾಲದಲ್ಲಿ ಕೈಹಾಕಿ, ಯಾವುದು ಮೊದಲು ಮುಟ್ಟಿತೆಂಬುದರ ಮೇಲೆ ಫಲ ಬದಲಾಗುವ ಬಗೆಯ ದೋಷಕ್ಕೆ ‘ರೇಸ್’ ಎಂದು ಹೆಸರು. ಅಂತಹ ದೋಷವು ಬರಿಯ ತರ್ಕದಲ್ಲಿ ಮಾತ್ರ ಸಂಭವನೀಯವಾಗಿದ್ದರೆ, ಅದನ್ನು ಯಾರಾದರೂ ದುರುಪಯೋಗಪಡಿಸಿಕೊಳ್ಳಬಹುದಾದ ರೀತಿಯನ್ನು ವಿವರಿಸಿ ತೋರಿಸಿದ ಹೊರತು ಅದಕ್ಕೆ ಸ್ಥಿರಾವೃತ್ತಿಯಲ್ಲಿ ಸ್ಥಳವಿಲ್ಲವೆಂದು ಬರೆದಿದ್ದರು.

ಬಂದ ತೇಪೆಗಳನ್ನು ಪರಿಶೀಲಕರ ಮಂಡಲಿಯೊಂದರ ಮುಂದಿಟ್ಟು ೪೮ ಗಂಟೆಗಳ ಅವಕಾಶ ಕೊಡುತ್ತಿದ್ದರು. ಆಕ್ಷೇಪಣೆ ಬಂದರೆ ತೇಪೆ ಹೊರಕ್ಕೆ, ಮೌನವಾಗಿದ್ದರೆ ಒಳಕ್ಕೆ. ಕೆಲಕಾಲಾನಂತರ ಇನ್ನೊಂದು ಷರತ್ತು ಸೇರಿತು: ಸ್ಥಿರಾವೃತ್ತಿಗೆ ಹೋಗುವ ಪ್ರತಿಯೊಂದು ತಿದ್ದುಪಡಿಯೂ, ಅಥವಾ ಅದಕ್ಕೆ ಸಮಾನವಾದುದು, ಮೊದಲು ಟೋರ್ವಾಲ್ಡ್ಸ್ ಅವರ ಮೂಲಪ್ರತಿಯಲ್ಲಿ ಸೇರಿರಬೇಕು. ಹಳೆಯದರಲ್ಲಿ ಮಾತ್ರ ತಿದ್ದಿ ಹೊಸದರಲ್ಲಿ ಮರೆತರೆ, ಮುಂದಿನ ಆವೃತ್ತಿಗೆ ಹೋದವರಿಗೆ ಹೋದ ದೋಷ ಮತ್ತೆ ಬಂದು ಕಾಡುವುದಲ್ಲವೇ?

ಈ ನಿಯಮಗಳ ಹಿಂದೆ ಇದ್ದ ವಿವೇಕವು ಕಡೆಗಣಿಸತಕ್ಕದ್ದಲ್ಲ. ಹಳೆಯ ದೋಷವು ಪರಿಚಿತವಾದ ದೋಷ. ಬಳಸುವವರು ಅದರೊಡನೆ ಹೊಂದಿಕೊಂಡಿರುತ್ತಾರೆ. ಸೋರುವ ಮನೆಯಲ್ಲಿ ಪಾತ್ರೆಯನ್ನು ಎಲ್ಲಿಡಬೇಕೆಂಬುದು ಮನೆಯವರಿಗೆ ಗೊತ್ತಿರುವಂತೆ. ಹೊಸ ತೇಪೆಯಿಂದ ಹುಟ್ಟುವ ದೋಷವಾದರೋ ಅಪರಿಚಿತ. ನಿನ್ನೆಯವರೆಗೆ ನಡೆಯುತ್ತಿದ್ದುದು ಇಂದು ನಿಂತರೆ ಅದರಿಂದಾಗುವ ಅವಿಶ್ವಾಸವು ಹತ್ತು ಹಳೆಯ ದೋಷಗಳಿಂದ ಆಗುವುದಕ್ಕಿಂತ ಹೆಚ್ಚಿನದು. ಹಿಂದೆ ನಡೆಯುತ್ತಿದ್ದುದನ್ನು ಕೆಡಿಸಬಾರದೆಂಬುದನ್ನು ಟೋರ್ವಾಲ್ಡ್ಸ್ ಅವರು ತಮ್ಮ ಮೂಲಪ್ರತಿಯ ವಿಷಯದಲ್ಲಿಯೇ ಅತಿ ಕಠಿಣವಾಗಿ ಪಾಲಿಸುತ್ತ ಬಂದವರು. ಸ್ಥಿರಾವೃತ್ತಿಯಲ್ಲಂತೂ ಅದು ಪ್ರಾಣಸಮಾನವಾದ ನಿಯಮ.

(೪)

ಸಣ್ಣ ತಿದ್ದುಪಡಿಯು ಎಷ್ಟು ದೊಡ್ಡದಾಗಬಲ್ಲುದೆಂಬುದಕ್ಕೆ ಮೊದಲನೆಯ ದೃಷ್ಟಾಂತವು ಲಿನಕ್ಸ್ ತಿರುಳಿನಿಂದಲ್ಲ, ಅದರ ಒಂದು ವಿತರಣೆಯಾದ ಡೆಬಿಯನ್‌ನಿಂದ ಬಂದಿತು. ಇದು ಹಿಂದಣ ಆವೃತ್ತಿಗೆ ಒಯ್ದ ತೇಪೆಯಲ್ಲವೆಂಬುದನ್ನು ಮೊದಲೇ ಹೇಳಬೇಕು. ಆದರೂ ಪ್ರಕೃತ ವಿಚಾರಕ್ಕೆ ಇದನ್ನು ಬಿಟ್ಟು ಹೋಗುವಂತಿಲ್ಲ. ಗುಪ್ತಲಿಪಿಗೆ ಬೇಕಾದ ಬೀಗದ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ, ಇನ್ನೂ ಬೆಲೆ ತುಂಬದ ಸ್ಮೃತಿಭಾಗವನ್ನು ಓದಲಾಗುತ್ತಿದೆಯೆಂದು ಒಂದು ಪರೀಕ್ಷಾಸಾಧನವು ಎಚ್ಚರಿಕೆ ಕೊಡುತ್ತಿದ್ದಿತು. ಎಚ್ಚರಿಕೆ ನಿಜ; ದೋಷವು ನಾಮಮಾತ್ರದ್ದು. ಅದನ್ನು ನಿಲ್ಲಿಸಲು ೨೦೦೬ರಲ್ಲಿ ಡೆಬಿಯನ್ ಪ್ರತಿಯಲ್ಲಿ ಎರಡು ಸಾಲುಗಳನ್ನು ಕೆಲಸ ಮಾಡದಂತೆ ಮುಚ್ಚಿದರು. ಆ ಎರಡರಲ್ಲಿ ಒಂದು, ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯನ್ನು ಬೆರೆಸುತ್ತಿದ್ದ ಸಾಲೇ ಆಗಿದ್ದಿತು. ಅದು ಹೋದ ಮೇಲೆ ಉಳಿದುದು ಕಾರ್ಯಕ್ಕೆ ಯಂತ್ರವು ಕೊಡುವ ಕ್ರಮಸಂಖ್ಯೆ ಮಾತ್ರ. ಅದರ ಗರಿಷ್ಠ ಮಿತಿ ಸಾಮಾನ್ಯವಾಗಿ ೩೨,೭೬೮. ಎಣಿಸಲಾಗದಷ್ಟು ಇರಬೇಕಾಗಿದ್ದ ಕೀಲಿಗಳು ಒಬ್ಬರು ಕುಳಿತು ಎಣಿಸಿ ಮುಗಿಸಬಹುದಾದಷ್ಟಕ್ಕೆ ಇಳಿದುವು. ಈ ಪ್ರತಿಯು ೨೦೦೭ರ ಏಪ್ರಿಲ್ ತಿಂಗಳಲ್ಲಿ ಡೆಬಿಯನ್ ೪.೦ ಎಂಬ ಸ್ಥಿರಾವೃತ್ತಿಯೊಳಗೆ ಸೇರಿ ಹೊರಬಂದಿತು. ವಿಷಯವು ಬಯಲಾದುದು ೨೦೦೮ರ ಮೇ ೧೩ರಂದು. ಅಷ್ಟರಲ್ಲಿ ಆ ಯಂತ್ರಗಳಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ತಿರುಳಿನ ನಿಯಮಾವಳಿಯ ಅಳತೆಗೋಲಿನಿಂದ ನೋಡಿದರೆ ಈ ತೇಪೆಯು ೧೦೦ ಸಾಲುಗಳ ಮಿತಿಯನ್ನು ಎಷ್ಟೋ ಚೆನ್ನಾಗಿ ಪಾಲಿಸಿದ್ದಿತು.

ಇಂತಹವನ್ನು ಕಂಡು, ಸಣ್ಣದನ್ನು ಮುಟ್ಟದಿರುವುದೇ ಕ್ಷೇಮವೆಂದು ತೀರ್ಮಾನಿಸುವುದು ಸುಲಭ. ಆ ದಾರಿಯಲ್ಲಿ ಕಡೆಯವರೆಗೆ ನಡೆದವರೂ ಉಂಟು. ಅಕ್ಷರಜೋಡಣೆಗೆ ಪ್ರಸಿದ್ಧವಾದ ಟೆಕ್ ಎಂಬ ತಂತ್ರಾಂಶದ ಕರ್ತೃ ಡೊನಾಲ್ಡ್ ಕ್ನೂತ್ ಅವರು ೧೯೯೦ರಲ್ಲಿ ಅದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲವೆಂದು ಪ್ರಕಟಿಸಿ, ಅಂದಿನಿಂದ ದೋಷಗಳನ್ನು ಹಲವು ವರ್ಷಗಳಿಗೊಮ್ಮೆ ಮಾತ್ರ ತಿದ್ದುತ್ತ, ಪ್ರತಿ ಸಲವೂ ಆವೃತ್ತಿಯ ಸಂಖ್ಯೆಯನ್ನು ವೃತ್ತಪರಿಧಿಯ ‘ಪೈ’ ಸಂಖ್ಯೆಗೆ ಒಂದೊಂದು ಅಂಕಿಯಷ್ಟು ಹತ್ತಿರ ತರುತ್ತ ಬಂದರು. ೨೦೨೧ರಲ್ಲಿ ಅದು ೩.೧೪೧೫೯೨೬೫೩ ಆಯಿತು. ತಮ್ಮ ಕಾಲಾನಂತರ ಸಂಖ್ಯೆಯು ಪೈ ಎಂದೇ ನಿಲ್ಲಬೇಕು, ಆಗ ಉಳಿದಿರುವ ದೋಷಗಳೆಲ್ಲ ಗುಣಗಳೆಂದು ಎಣಿಸಲ್ಪಡಬೇಕು ಎಂಬುದು ಅವರ ಇಚ್ಛೆ. ಒಬ್ಬ ಕರ್ತೃವಿನ, ಮುಗಿದ ಕೃತಿಗೆ ಇದು ಸಲ್ಲುವ ಮಾತು. ಪುಟದ ರೂಪ ಎಂದೆಂದಿಗೂ ಬದಲಾಗಬಾರದೆಂಬುದೇ ಅಲ್ಲಿಯ ಉದ್ದೇಶ. ಸಾವಿರಾರು ಕೈಗಳು ಬರೆಯುತ್ತಿರುವ, ದಿನದಿನಕ್ಕೂ ಹೊಸ ಯಂತ್ರಗಳನ್ನು ಎದುರಿಸಬೇಕಾದ ತಿರುಳಿಗೆ ಈ ವೈರಾಗ್ಯ ಒದಗುವಂತಹುದಲ್ಲ. ಸುಮ್ಮನಿರುವುದರಿಂದಲೂ ಅನರ್ಥವಾಗುತ್ತದೆಂಬುದು ೨೦೧೬ರಲ್ಲಿ ತಿಳಿದುಬಂದಿತು.

ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ‘ಡರ್ಟಿ ಕೌ’ ಎಂಬ ಅಡ್ಡಹೆಸರಿನ ದೋಷವೊಂದು ಬೆಳಕಿಗೆ ಬಂದಿತು. ಹಲವು ಕಾರ್ಯಗಳು ಓದುವುದಕ್ಕೆಂದು ಹಂಚಿಕೊಂಡಿರುವ ಸ್ಮೃತಿಪುಟದಲ್ಲಿ ಒಂದು ಕಾರ್ಯವು ಬರೆಯಹೊರಟರೆ, ತಿರುಳು ಅದಕ್ಕೆಂದು ಪುಟದ ಪ್ರತ್ಯೇಕ ನಕಲನ್ನು ಮಾಡಿಕೊಡುತ್ತದೆ. ಮೂಲಪುಟ ಹಾಗೆಯೇ ಉಳಿಯುತ್ತದೆ. ಈ ನಕಲು ಮಾಡುವ ಹೆಜ್ಜೆಗೂ ಬರೆಯುವ ಹೆಜ್ಜೆಗೂ ನಡುವಣ ಸೂಕ್ಷ್ಮವಾದ ಬಿಡುವಿನಲ್ಲಿ ಮತ್ತೊಂದು ಎಳೆಯು ನುಗ್ಗಿ ನಕಲನ್ನು ತಳ್ಳಿಹಾಕಿದರೆ, ಬರವಣಿಗೆಯು ಮೂಲಪುಟದ ಮೇಲೆಯೇ ಬೀಳುತ್ತಿದ್ದಿತು. ಓದಲು ಮಾತ್ರ ಅಧಿಕಾರವಿದ್ದ ಸಾಮಾನ್ಯ ಬಳಕೆದಾರನು ಹೀಗೆ ಯಂತ್ರದ ಒಡೆಯನಾಗಬಹುದಾಗಿದ್ದಿತು. ಹಾಗೆ ಆಗುತ್ತಲೂ ಇದ್ದನು, ಏಕೆಂದರೆ ದೋಷವು ಗೊತ್ತಾದುದೇ ಅದನ್ನು ಬಳಸಿ ನಡೆದ ಆಕ್ರಮಣವೊಂದರ ಜಾಡಿನಿಂದ. ೨೦೦೭ರ ೨.೬.೨೨ರಿಂದ ಈಚಿನ ಆವೃತ್ತಿಗಳೆಲ್ಲ ಇದಕ್ಕೆ ಒಳಗಾಗಿದ್ದುವು.

ಗಮನಾರ್ಹವಾದ ಸಂಗತಿಯು ಇದಲ್ಲ. ತಿದ್ದುಪಡಿಯನ್ನು ಬರೆದ ಟೋರ್ವಾಲ್ಡ್ಸ್ ಅವರು ಅದರ ಜೊತೆಯ ಟಿಪ್ಪಣಿಯಲ್ಲಿ, ಈ ದೋಷವನ್ನು ತಾವೇ ಹನ್ನೊಂದು ವರ್ಷಗಳ ಹಿಂದೆ ತಿದ್ದಲು ಯತ್ನಿಸಿದ್ದುದಾಗಿಯೂ, ಆ ತಿದ್ದುಪಡಿಯಿಂದ ಐಬಿಎಂ ಸಂಸ್ಥೆಯ ಎಸ್೩೯೦ ಎಂಬ ದೊಡ್ಡ ಗಣಕಗಳಲ್ಲಿ ತೊಂದರೆಯಾದುದರಿಂದ ಅದನ್ನು ಹಿಂತೆಗೆಯಬೇಕಾಯಿತೆಂದೂ, ಅಂದು ಬರಿಯ ತರ್ಕದಲ್ಲಿ ಮಾತ್ರ ಸಂಭವನೀಯವಾಗಿದ್ದ ರೇಸು ಕಾಲಕ್ರಮದಲ್ಲಿ ಸುಲಭಸಾಧ್ಯವಾಯಿತೆಂದೂ ಹೇಳಿಕೊಂಡಿರುವರು. ಹನ್ನೊಂದು ವರ್ಷಗಳ ಹಿಂದೆ ಎಂದರೆ ೨೦೦೫. ತರ್ಕಮಾತ್ರವಾದ ರೇಸುಗಳಿಗೆ ಸ್ಥಿರಾವೃತ್ತಿಯಲ್ಲಿ ಸ್ಥಳವಿಲ್ಲವೆಂದು ಬರೆದಿಟ್ಟ ವರ್ಷವೂ ಅದೇ. ಆ ನಿಯಮದಿಂದಲೇ ಈ ದೋಷ ಉಳಿಯಿತೆಂದು ಹೇಳಿದರೆ ಅದು ಇತಿಹಾಸವಾಗದು. ಮೂಲಪ್ರತಿಯಲ್ಲಿಯೇ ತಿದ್ದುಪಡಿ ನಿಲ್ಲದೆ ಹೋದ ಮೇಲೆ ಹಿಂದಕ್ಕೆ ಒಯ್ಯುವ ಮಾತೇ ಇರಲಿಲ್ಲ. ಆದರೆ ನಿಯಮದ ಹಿಂದಿದ್ದ ಎಣಿಕೆ, ಎಂದರೆ ತರ್ಕಮಾತ್ರವಾದುದು ತರ್ಕಮಾತ್ರವಾಗಿಯೇ ಉಳಿಯುವುದೆಂಬ ಎಣಿಕೆ, ಇಲ್ಲಿ ಸುಳ್ಳಾಯಿತು. ತಿರುಳಿನ ಇತರ ಭಾಗಗಳು ಬದಲಾದುವು, ಯಂತ್ರಗಳು ಬದಲಾದುವು, ಮುಟ್ಟದೆ ಬಿಟ್ಟ ದೋಷವು ತಾನು ಇದ್ದಲ್ಲಿಯೇ ಇದ್ದು ದೊಡ್ಡದಾಯಿತು. ೨೦೧೬ರ ಅಕ್ಟೋಬರ್ ೨೦ರಂದು ೪.೮.೩, ೪.೭.೯, ೪.೪.೨೬ ಎಂಬ ಮೂರು ಸ್ಥಿರಾವೃತ್ತಿಗಳು ಈ ತಿದ್ದುಪಡಿಯನ್ನು ಹೊತ್ತು ಹೊರಟುವು.

(೫)

ಈ ನಡುವೆ ಆಚರಣೆಯು ಬರೆದ ನಿಯಮವನ್ನು ಮೀರಿ ಎಷ್ಟೋ ಮುಂದೆ ಹೋಗಿದ್ದಿತು. ಮೊದಲು ಸ್ಥಿರಾವೃತ್ತಿಯ ಆಯುಸ್ಸು ಮುಂದಿನದು ಬರುವವರೆಗೆ, ಎಂದರೆ ಎರಡು ಮೂರು ತಿಂಗಳು. ಅಡ್ರಿಯನ್ ಬಂಕ್ ಎಂಬವರು ೨೦೦೬ರ ೨.೬.೧೬ನ್ನು ೨೦೦೮ರವರೆಗೆ ಕಾಪಾಡಿಕೊಂಡು ಬಂದು ದೀರ್ಘಾಯುಸ್ಸಿನ ಆವೃತ್ತಿಗೆ ದಾರಿ ತೋರಿಸಿದರು. ೨೦೦೯ರ ಡಿಸೆಂಬರಿನ ೨.೬.೩೨ ಹಲವು ವಿತರಕರಿಗೆ ಆಧಾರವಾಗಿ, ೨೦೧೬ರವರೆಗೆ ಬಾಳಿತು. ಕೈಫೋನುಗಳನ್ನು ನಡೆಸುವ ಆಂಡ್ರಾಯ್ಡ್ ವ್ಯವಸ್ಥೆಯು ಇದೇ ತಿರುಳಿನ ಮೇಲೆ ನಿಂತುದರಿಂದ, ಕೆಲವು ಆವೃತ್ತಿಗಳನ್ನು ಆರು ವರ್ಷ ನಡೆಸುವ ಏರ್ಪಾಡು ೨೦೧೭ರಲ್ಲಿ ಬಂದಿತು. ಆಯುಸ್ಸು ಬೆಳೆದಂತೆ ತೇಪೆಗಳೂ ಬೆಳೆದುವು. ೨೦೦೫ರ ೨.೬.೧೧ಕ್ಕೆ ಒಟ್ಟು ೧೨ ಸ್ಥಿರ ಬಿಡುಗಡೆಗಳಾದುವು, ೨೦೧೬ರ ೪.೪, ೨೦೨೨ರ ಫೆಬ್ರುವರಿಯಲ್ಲಿ ೪.೪.೩೦೨ಕ್ಕೆ ಮುಗಿಯಿತು. ಒಂದೊಂದು ಬಿಡುಗಡೆಯಲ್ಲಿ ನೂರಾರು ತೇಪೆಗಳಿರುವುದು ಸಾಮಾನ್ಯವಾಯಿತು.

ಇಷ್ಟು ತೇಪೆಗಳನ್ನು ಆರಿಸುವವರು ಯಾರು? ಮೊದಲಿನ ಕ್ರಮದಲ್ಲಿ ತಿದ್ದುಪಡಿಯ ಕರ್ತೃವೇ ‘ಇದು ಸ್ಥಿರಾವೃತ್ತಿಗೆ ಯೋಗ್ಯ’ ಎಂದು ಗುರುತು ಹಾಕಿ ಕಳುಹಿಸುತ್ತಿದ್ದನು. ಹಲವರು ಹಾಕುತ್ತಿರಲಿಲ್ಲ, ಅಲಸ್ಯದಿಂದ ಕೆಲವರು, ತಮ್ಮ ತಿದ್ದುಪಡಿ ಅಷ್ಟೊಂದು ಮುಖ್ಯವಲ್ಲವೆಂಬ ಭಾವನೆಯಿಂದ ಕೆಲವರು. ಪಾಲಕರಲ್ಲೊಬ್ಬರಾದ ಸಾಶಾ ಲೆವಿನ್ ಅವರು ೨೦೧೭ರ ಸುಮಾರಿಗೆ ಈ ಆಯ್ಕೆಗೆ ಯಂತ್ರದ ನೆರವನ್ನೇ ತೆಗೆದುಕೊಂಡರು. ಈ ಹಿಂದೆ ಅಂಗೀಕೃತವಾದ ತೇಪೆಗಳನ್ನು ತೋರಿಸಿ ಯಂತ್ರಕ್ಕೆ ಅಭ್ಯಾಸ ಮಾಡಿಸಿದರೆ, ಗುರುತಿಲ್ಲದ ಹೊಸ ತೇಪೆಗಳಲ್ಲಿ ದೋಷಪರಿಹಾರಕವಾದುವು ಯಾವುವೆಂದು ಅದು ಊಹಿಸಿ ಹೇಳುವುದು. ಇದಕ್ಕೆ ವಿದ್ವತ್ತಿನ ಹಿನ್ನೆಲೆಯೂ ಇದ್ದಿತು. ಯುವಾನ್ ಟಿಯಾನ್, ಜೂಲಿಯಾ ಲಾವಾಲ್, ಡೇವಿಡ್ ಲೋ ಅವರು ೨೦೧೨ರಲ್ಲಿಯೇ ದೋಷಪರಿಹಾರಕ ತೇಪೆಗಳನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದ್ದರು. ಅನಂತರ ‘ಪ್ಯಾಚ್‌ನೆಟ್’ ಎಂಬ ಹೆಸರಿನ ಕೃತಿಯಲ್ಲಿ ೮೨,೪೦೩ ತೇಪೆಗಳ ಮೇಲೆ ಪ್ರಯೋಗ ನಡೆಯಿತು.

ಯಂತ್ರವು ಆರಿಸಿದುದನ್ನು ಕರ್ತೃಗಳಿಗೆ ಕಳುಹಿಸಿ, ಆಕ್ಷೇಪಣೆಗೆ ಕೆಲವು ದಿನಗಳ ಅವಕಾಶ ಕೊಟ್ಟು, ಉತ್ತರ ಬಾರದಿದ್ದರೆ ಸೇರಿಸಿಕೊಳ್ಳುವರು. ಮೌನವು ಸಮ್ಮತಿಯೆಂಬುದು ೨೦೦೫ರ ನಿಯಮದಲ್ಲಿಯೂ ಇದ್ದಿತಷ್ಟೆ. ಆದರೆ ವಾರಕ್ಕೆ ಹತ್ತಾರು ತೇಪೆಗಳಿದ್ದಾಗಿನ ಮೌನವೂ ನೂರಾರು ಇದ್ದಾಗಿನ ಮೌನವೂ ಒಂದೇ ಅಲ್ಲ. ಎರಡನೆಯದರಲ್ಲಿ ಸಮ್ಮತಿಗಿಂತ ಆಯಾಸವೇ ಹೆಚ್ಚೆಂದು ಎಣಿಸುವುದಕ್ಕೆ ಕಾರಣವಿದೆ. ಎಕ್ಸ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ಕರ್ತೃಗಳು ತಮ್ಮ ಭಾಗದಲ್ಲಿ ಯಂತ್ರದ ಆಯ್ಕೆ ಬೇಡವೆಂದು ನಿರಾಕರಿಸಿದರು. ತಾವು ಪೂರ್ಣವಾಗಿ ಪರೀಕ್ಷಿಸದೆ ಯಾವುದನ್ನೂ ಹಿಂದಕ್ಕೆ ಒಯ್ಯಬಾರದೆಂಬುದು ಅವರ ಪಕ್ಷ. ಸ್ಮೃತಿನಿರ್ವಹಣೆಯ ಭಾಗವನ್ನು ನೋಡಿಕೊಳ್ಳುವ ಆಂಡ್ರ್ಯೂ ಮಾರ್ಟನ್ ಅವರೂ ತಾವಾಗಿ ಗುರುತು ಹಾಕಿದುದನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿರೆಂದರು. ಇದಕ್ಕೆ ಪಾಲಕರ ಉತ್ತರ ಹೀಗೆ: ದೋಷವೆಂದು ಗೊತ್ತಾದುದನ್ನು, ತಿದ್ದುಪಡಿಯೂ ಸಿದ್ಧವಿರುವಾಗ, ಬಳಸುವವರಿಂದ ತಡೆಹಿಡಿಯಲು ಅಧಿಕಾರ ಯಾರಿಗಿದೆ? ಯಾವ ದೋಷ ಯಾರನ್ನು ಕಾಡುವುದೆಂದು ಬಲ್ಲವರು ಯಾರು? ಎರಡು ಪಕ್ಷಗಳಲ್ಲಿಯೂ ಹುರುಳಿದೆ. ಆದರೆ ಎಕ್ಸ್‌ಎಫ್‌ಎಸ್ ಪಕ್ಷದಲ್ಲಿ ಒಂದು ಭಾರವಿದ್ದಿತು. ಪರೀಕ್ಷಿಸುವವರು ದೊರೆಯದೆ ಇದ್ದಷ್ಟು ಕಾಲವೂ ಆ ಭಾಗದ ಹಳೆಯ ಆವೃತ್ತಿಗಳು ತಿದ್ದುಪಡಿಯಿಲ್ಲದೆ ಉಳಿದುವು. ೨೦೨೨ರಲ್ಲಿ ಕೆಲವರು ಸ್ವಂತ ಇಚ್ಛೆಯಿಂದ ಆವೃತ್ತಿಗೊಬ್ಬರಂತೆ ಹೊಣೆ ಹೊತ್ತ ಮೇಲೆ ಅಲ್ಲಿ ಕೆಲಸ ಮತ್ತೆ ಸಾಗಿತು.

(೬)

ಪರೀಕ್ಷೆಯ ಪಕ್ಷವನ್ನು ಎತ್ತಿಹಿಡಿಯುವ ಘಟನೆಯು ೨೦೨೩ರ ಕಡೆಯಲ್ಲಿ, ನೆರೆಯ ಕಡತವ್ಯವಸ್ಥೆಯಾದ ಎಕ್ಸ್ಟ್೪ರಲ್ಲಿ ನಡೆಯಿತು. ಬರೆದುದು ಕೂಡಲೇ ತಟ್ಟೆಗೆ ಸೇರಬೇಕೆಂದು ಕೇಳಿ ನೇರವಾಗಿ ಬರೆಯುವ ಸಂದರ್ಭದಲ್ಲಿ, ಕಡತದ ಉದ್ದದ ಲೆಕ್ಕವೂ ಸರಿಯಾಗಿ ಸೇರುವಂತೆ ಮಾಡುವ ತಿದ್ದುಪಡಿ ಅದು, ಸ್ವತಃ ನಿರ್ದುಷ್ಟವಾದುದು. ಅದನ್ನು ನವೆಂಬರ್ ತಿಂಗಳ ೬.೧.೬೪ ಎಂಬ ಸ್ಥಿರಾವೃತ್ತಿಗೆ ಒಯ್ದರು. ಮೂಲಪ್ರತಿಯಲ್ಲಿ ಈ ತಿದ್ದುಪಡಿಗೆ ಮುಂಚೆ, ೬.೫ರ ಕಾಲದಲ್ಲಿ, ಬೇರೊಂದು ಭಾಗದಲ್ಲಿ ಒಂದು ಮಾರ್ಪಾಡಾಗಿದ್ದಿತು: ಬರೆದಾದ ಮೇಲೆ ಮುಂದಿನ ಬರವಣಿಗೆ ಎಲ್ಲಿಂದ ಆರಂಭವಾಗಬೇಕೆಂಬ ಸ್ಥಾನವನ್ನು ಗುರುತಿಸಿಕೊಳ್ಳುವ ಕ್ರಮವು ಅಲ್ಲಿ ಸ್ವಲ್ಪ ಹಿಂದುಮುಂದಾಗಿದ್ದಿತು. ಅದನ್ನು ಯಾರೂ ದೋಷಪರಿಹಾರವೆಂದು ಎಣಿಸಿರಲಿಲ್ಲ. ಆದಕಾರಣ ಅದು ೬.೧ಕ್ಕೆ ಬಂದಿರಲಿಲ್ಲ. ಅದನ್ನು ನಂಬಿಕೊಂಡಿದ್ದ ತಿದ್ದುಪಡಿ ಮಾತ್ರ ಬಂದಿತು. ಫಲವಾಗಿ ಸ್ಥಾನದ ಲೆಕ್ಕ ತಪ್ಪಿ, ದತ್ತಾಂಶವು ಕೆಡತೊಡಗಿತು.

ಪಾಠಪರಿಷ್ಕರಣದಲ್ಲಿ ಪರಿಶ್ರಮವುಳ್ಳವರು ಇದರ ಸ್ವರೂಪವನ್ನು ಕೂಡಲೆ ಗುರುತಿಸಬಲ್ಲರು. ಒಂದು ಶಾಖೆಯ ಪ್ರತಿಯಲ್ಲಿ ಶುದ್ಧವಾದ ಪಾಠವನ್ನು ಮತ್ತೊಂದು ಶಾಖೆಯ ಪದ್ಯದೊಳಗೆ ಹಾಗೆಯೇ ಕೂಡಿಸಿದರೆ, ಆ ಪದ್ಯದ ಹಿಂದಣ ಪಾದ ಬೇರೆಯಾಗಿರುವುದರಿಂದ ಪ್ರಾಸವೋ ಅನ್ವಯವೋ ಕೆಡುವುದುಂಟು. ತೆಗೆದುಕೊಂಡ ಪಾಠದಲ್ಲಿ ತಪ್ಪಿಲ್ಲ. ತೆಗೆದುಕೊಂಡು ಹೋಗಿ ಇಟ್ಟ ಸ್ಥಳದಲ್ಲಿ ಅದು ತಪ್ಪು. ೨೦೦೫ರ ನಿಯಮವು ತೇಪೆಯ ಸಾಲುಗಳನ್ನು ಎಣಿಸಿತು, ತಿದ್ದುವ ದೋಷವನ್ನು ತೂಗಿತು. ತೇಪೆಯು ಮೌನವಾಗಿ ಯಾವುದನ್ನು ನಂಬಿಕೊಂಡಿದೆಯೆಂಬುದನ್ನು ಕೇಳಲಿಲ್ಲ. ಅದು ಸಾಲುಗಳಲ್ಲಿ ಬರೆದಿರುವುದೂ ಇಲ್ಲ.

ಡೆಬಿಯನ್ ವಿತರಣೆಯವರು ತಮ್ಮ ಸ್ಥಿರಾವೃತ್ತಿಗೆ ಕೆಲವು ತಿಂಗಳಿಗೊಮ್ಮೆ ತಿದ್ದುಪಡಿಗಳ ಸಂಪುಟವೊಂದನ್ನು ಹೊರಡಿಸುವರು. ೧೨.೩ ಎಂಬ ಸಂಪುಟವು ಇದೇ ೬.೧.೬೪ನ್ನು ಹೊತ್ತು ಡಿಸೆಂಬರ್ ೯ರಂದು ಹೊರಡಲು ಸಿದ್ಧವಾಗಿದ್ದಿತು. ಸುದ್ದಿ ತಿಳಿದೊಡನೆ ಅದನ್ನು ತಡೆದರು. ಕೆಲವರ ಯಂತ್ರಗಳಿಗೆ ತಿರುಳು ಅಷ್ಟರಲ್ಲಿಯೇ ತಲುಪಿದ್ದುದರಿಂದ, ಯಂತ್ರಗಳನ್ನು ಈಗ ನವೀಕರಿಸಬೇಡಿರೆಂದು ಪ್ರಕಟಣೆ ಹೊರಡಿಸಬೇಕಾಯಿತು. ಸರಿಪಡಿಸಿದ ೬.೧.೬೬ನ್ನು ಒಳಗೊಂಡ ೧೨.೪ ಮರುದಿನವೇ, ಡಿಸೆಂಬರ್ ೧೦ರಂದು, ಹೊರಬಂದಿತು. ಒಂದು ದಿನದಲ್ಲಿ ಇದನ್ನು ಸರಿಪಡಿಸಿದ ಚಾತುರ್ಯವನ್ನು ಮೆಚ್ಚಬೇಕಾದುದೇ ಸರಿ.

(೭)

ನಿಯಮಾವಳಿಯ ಬರವಣಿಗೆಯನ್ನು ೨೦೨೩ರಲ್ಲಿ ಪರಿಷ್ಕರಿಸಿದರು. ಜನರನ್ನು ನಿಜವಾಗಿ ಕಾಡುತ್ತಿರುವ ದೋಷವಾಗಿರಬೇಕೆಂಬ ಮಾತು ಆಗಲೂ ಉಳಿಯಿತು. ೧೦೦ ಸಾಲುಗಳ ಮಾತೂ ಉಳಿಯಿತು. ಅದೇ ವರ್ಷ, ದೀರ್ಘಾಯುಸ್ಸಿನ ಆವೃತ್ತಿಗಳನ್ನು ಆರು ವರ್ಷ ಬಳಸುವವರು ಕಡಿಮೆ, ಪಾಲಕರ ಬಳಲಿಕೆ ಹೆಚ್ಚು ಎಂಬ ಕಾರಣಗಳಿಂದ, ಮುಂದೆ ಎರಡು ವರ್ಷಗಳ ಆಯುಸ್ಸು ಸಾಕೆಂದು ಪ್ರಕಟಿಸಿದರು. ೨೦೨೪ರ ಫೆಬ್ರುವರಿಯಲ್ಲಿ ತಿರುಳಿನ ಕರ್ತೃವರ್ಗವು, ಭದ್ರತಾದೋಷಗಳಿಗೆ ಜಾಗತಿಕವಾದ ಕ್ರಮಸಂಖ್ಯೆಯನ್ನು ಕೊಡುವ ಅಧಿಕಾರವನ್ನು ತಾನೇ ಪಡೆದುಕೊಂಡಿತು. ತಿರುಳಿನಷ್ಟು ಕೆಳಮಟ್ಟದ ತಂತ್ರಾಂಶದಲ್ಲಿ ಹೆಚ್ಚುಕಡಮೆ ಯಾವ ದೋಷವಾದರೂ ಭದ್ರತೆಯ ದೋಷವಾಗಬಹುದೆಂಬುದು ಆಗ ಅವರು ಬರೆದಿಟ್ಟ ಅಭಿಪ್ರಾಯ. ಆ ವರ್ಷದಲ್ಲಿಯೇ ಸಾವಿರಾರು ಕ್ರಮಸಂಖ್ಯೆಗಳು ಹೊರಟುವು. ಒಂದೊಂದನ್ನೂ ಪರಿಶೀಲಿಸಬೇಕಾದ ಸಂಸ್ಥೆಗಳು ಗೊಣಗಿದುವು. ‘ಊಹೆಯ ದೋಷ ಬೇಡ’ ಎಂದು ಒಂದು ಪತ್ರದಲ್ಲಿಯೂ, ‘ಯಾವ ದೋಷವೂ ಬರಿಯ ಊಹೆಯಲ್ಲ’ ಎಂದು ಮತ್ತೊಂದು ಪತ್ರದಲ್ಲಿಯೂ ಒಂದೇ ಜನರು ಬರೆದುದು ಅಸಂಗತವೆಂದು ತೋರಬಹುದು. ಮೊದಲನೆಯದು ಕೊಡುವವರ ಎಚ್ಚರಿಕೆ, ಎರಡನೆಯದು ಕೊಂಡವರ ಎಚ್ಚರಿಕೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಕಾಗಿರುವುದೇ ಪಾಲಕರ ಪಾಡು.

ಟೋರ್ವಾಲ್ಡ್ಸ್ ಅವರು ಬಿಡುವಿನಲ್ಲಿದ್ದಾಗ ಕ್ರೋವ-ಹಾರ್ಟ್‌ಮನ್ ಅವರೇ ೨೦೧೮ರ ಅಕ್ಟೋಬರಿನಲ್ಲಿ ಹೊರತಂದಿದ್ದ ೪.೧೯ ಎಂಬ ಆವೃತ್ತಿಯು ೨೦೨೪ರ ಡಿಸೆಂಬರ್ ತಿಂಗಳಲ್ಲಿ ಕೊನೆಗೊಂಡಿತು. ಕಡೆಯ ಬಿಡುಗಡೆಯ ಸಂಖ್ಯೆ ೪.೧೯.೩೨೫. ಅದರಲ್ಲಿ ತಿದ್ದದೆ ಉಳಿದಿದ್ದ ದೋಷಗಳ ಕ್ರಮಸಂಖ್ಯೆಗಳು ಆ ವೇಳೆಗೆ ಪಟ್ಟಿಯಲ್ಲಿದ್ದುವು.